ಫಿನ್ಲೆಂಡಿನ ನೆಲದ ಮೇಲೆ ದೊಡ್ಡವ್ವನ ಸಂಡಿಗೆ

ವಿದೇಶಕ್ಕೆ ಹೋಗಿ ಬಂದವರೆಲ್ಲ ಮೊದಲು ಹೇಳುವ ಮಾತು, ಅಲ್ಲಿಯ ರಸ್ತೆಗಳು ಎಷ್ಟು ಸ್ವಚ್ಛ ಎಂಬುದು. ಈ ಮಾತನ್ನು ನಾನು ವಿರೋಧಿಸುತ್ತೇನೆ. ನಾನು ಹೋದಾಗ ಫಿನ್ಲೆಂಡಿನಲ್ಲಿ ಅಕ್ಟೋಬರ್ ಕೊನೆ. ರಸ್ತೆ ತುಂಬ ಹಳದಿ ಎಲೆ ಉದುರಿ, ಮಳೆಗೆ ನೆನೆದು, ಕೊಳೆತು ಅಂಟಿಕೊಂಡಿತ್ತು. ನನ್ನ ಜತೆ ಬಂದಿದ್ದ ದೊಡ್ಡವ್ವ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟವಳೇ ಸುತ್ತ ನೋಡಿ, "ಯವ್ವಾ, ಇವರ ಮನ್ಯಾಗ ಕಸಬರಿಗಿ ಇಲ್ಲೇನ?" ಅಂದಳು. ನನ್ನ ಪಕ್ಷದ ಮೊದಲ ಸಾಕ್ಷಿ ಅವಳೇ.

ನಾನು ಸಾಲಿಯಲ್ಲಿದ್ದಾಗಿನಿಂದ ಚರ್ಚಾಸ್ಪರ್ಧೆಯಲ್ಲಿ ನಿಂತವಳು. ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು, ನಂಬಿಕೆ ಆಮೇಲೆ ಹುಟ್ಟುತ್ತಿತ್ತು. ಆದ್ದರಿಂದ ಫಿನ್ಲೆಂಡಿನ ಕೆರೆಗಳನ್ನೂ ಮರಗಳನ್ನೂ ಹೊಗಳುತ್ತೇನೆಂದು ಇದನ್ನು ಓದಲು ಕೂತವರು ಈಗಲೇ ಏಳಬಹುದು. ನಾನು ಅಲ್ಲಿ ನೋಡಿದ್ದು ಮುಖ್ಯವಾಗಿ ಒಂದು ಮನೆಯ ನೆಲ.

ಹೊರಡುವ ಮೊದಲು, ಸಿರುಗುಪ್ಪ

ನಾನು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದಿದ್ದು. ಯಂತ್ರಗಳು ತಮ್ಮನ್ನು ತಾವೇ ಹತೋಟಿಯಲ್ಲಿ ಇಟ್ಟುಕೊಳ್ಳಲು ನಿಯಮ ಬರೆಯುವುದು ನನ್ನ ವಿಷಯ. ನೀರು ಕಾದ ಮೇಲೆ ಗೀಸರ್ ಟಕ್ ಅಂತ ತಾನೇ ಆರುತ್ತದಲ್ಲ, ಅದು ಈ ವಿದ್ಯೆಯ ಅ ಆ ಇ ಈ. ಗೀಸರಿನೊಳಗೆ ಬರೀ ನೀರು, ಜಗಳವಿಲ್ಲ. ಬೆಂಕಿ, ಗಾಳಿ, ಹಸಿ ಭತ್ತ, ಮಳೆ, ಮನುಷ್ಯರು ಎಲ್ಲ ಸೇರಿ ಗಳಿಗೆಗೊಂದು ಬಗೆಯಾಗುವ ಕಡೆ ನಿಯಮ ಬರೆಯುವುದೇ ನಿಜವಾದ ಆಟ.

ಆ ಆಟವನ್ನು ನಾನು ಸಿರುಗುಪ್ಪದಲ್ಲಿ ಆಡಿ ಸೋತಿದ್ದೆ. ನನ್ನ ಸೋದರಮಾವ ವೀರೇಶ ಮಾಮನದು ಅಲ್ಲಿ ಅಕ್ಕಿ ಗಿರಣಿ. ಕುದಿಸಿದ ಭತ್ತಕ್ಕೆ ಬಿಸಿಗಾಳಿ ಹಾಯಿಸಿ ಒಣಗಿಸುವ ಡ್ರೈಯರ್ ಅಲ್ಲಿದೆ, ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಅದರ ಒಲೆಗೆ ಭತ್ತದ ಹೊಟ್ಟೇ ಉರುವಲು. ಶಾಖ ಸಾಲದಿದ್ದರೆ ಭತ್ತ ಹಸಿ, ಹೆಚ್ಚಾದರೆ ಅಕ್ಕಿ ಬಿರಿದು ನುಚ್ಚು. ಹಿಂದಿನ ಸುಗ್ಗಿಯಲ್ಲಿ ನನ್ನ ನಿಯಮ ತುಂಬಿದ ಒಂದು ಡಬ್ಬಿಯನ್ನು ಅದಕ್ಕೆ ಜೋಡಿಸಿದ್ದೆ. ಶಾಖ ಇಳಿದರೆ ಡಬ್ಬಿ ತಾನೇ ಒಲೆಗೆ ಹೊಟ್ಟು ನೂಕಬೇಕು, ಏರಿದರೆ ನಿಲ್ಲಿಸಬೇಕು. ಲ್ಯಾಬಿನಲ್ಲಿ ದೇವರಂತೆ ಇದ್ದ ಡಬ್ಬಿ ಗಿರಣಿಯಲ್ಲಿ ದೆವ್ವ ಹಿಡಿದಂತೆ ಆಡಿತು. ಶಾಖ ಕಾರಣವೇ ಇಲ್ಲದೆ ದಿಢೀರ್ ಏರುವುದು, ಡಬ್ಬಿ ಗಾಬರಿಬಿದ್ದು ಹೊಟ್ಟು ನಿಲ್ಲಿಸುವುದು, ಶಾಖ ಪಾತಾಳಕ್ಕೆ ಇಳಿಯುವುದು, ಡಬ್ಬಿ ಮತ್ತೆ ಗಾಬರಿ ಬೀಳುವುದು.

"ನಿನ್ನ ಡಬ್ಬಿ ಭಾಳ ಶಾಣ್ಯಾ ಐತೆವ್ವ," ಅಂದರು ಮಾಮ, ಅಂಗೈಮೇಲೆ ನುಚ್ಚು ಹರಡಿಕೊಂಡು. "ಭತ್ತ ಹಾಕಿದ್ರ ನೇರ ಉಪ್ಪಿಟ್ಟಿನ ರವಾನ ಕೊಡ್ತೈತಿ."

ಹೊಟ್ಟು ಹಸಿಯಿದೆ, ಕರೆಂಟು ಏರಿಳಿಯುತ್ತದೆ, ಶಾಖ ಅಳೆಯುವ ಕಡ್ಡಿ ಅಗ್ಗದ್ದು ಎಂದು ನಾನು ವಾದ ಮಂಡಿಸಿದೆ. ಎಲ್ಲಕ್ಕೂ ಮಾಮ ಒಂದೇ ಉತ್ತರ ಕೊಟ್ಟರು: ಡಬ್ಬಿಯ ವೈರು ಕಿತ್ತರು.

ಅಷ್ಟರಲ್ಲಿ ಫಿನ್ಲೆಂಡಿನಿಂದ ಕರೆ ಬಂತು. ಅಲ್ಲೊಂದು ಸ್ಪರ್ಧೆ. ನಿಯಮ ಬರೆಯುವವರಿಗೆ ಒಂದೊಂದು ಪುಟ್ಟ ಮರದ ಮನೆ ಕೊಡುತ್ತಾರೆ. ಆ ಮನೆಯ ಶಾಖವನ್ನು ಒಂದು ವಾರ ನಮ್ಮ ನಿಯಮವೇ ನೋಡಿಕೊಳ್ಳಬೇಕು. ನಾವು ಅದರೊಳಗೇ ವಾಸ ಮಾಡಬೇಕು, ಆದರೆ ಕೈ ಹಚ್ಚುವಂತಿಲ್ಲ. ಅಡುಗೆ ಮಾಡಿದವರನ್ನೇ ಕೂರಿಸಿ ಅದನ್ನು ಉಣ್ಣಿಸುವ ಲೆಕ್ಕ.

ಮಾಮ ಪಣ ಒಡ್ಡಿದರು. "ಅಲ್ಲಿ ನಿನ್ನ ನಿಯಮ ನೆಟ್ಟಗ ನಡದ್ರ ಈ ಸುಗ್ಗಿಗೆ ಡ್ರೈಯರ್ ನಿನ್ನ ಕೈಯಾಗ. ಇಲ್ಲಾಂದ್ರ ಆ ಡಬ್ಬಿ ಹಳೇ ಸಾಮಾನಿನವಗ ಹಾಕಿ ಬ್ಯಾಂಕ್ ಪರೀಕ್ಷಾಕ್ಕ ಕುಂದ್ರು. ಒಪ್ಪಿಗೇನ?"

"ಒಪ್ಪಿಗಿ," ಅಂದೆ. ಬ್ಯಾಂಕ್ ಪರೀಕ್ಷೆಯ ಪುಸ್ತಕವನ್ನು ಅವರು ಆಗಲೇ ತರಿಸಿಟ್ಟಿದ್ದರೆಂದು ಆಮೇಲೆ ತಿಳಿಯಿತು.

ಒಂದು ಮನೆಗೆ ಇಬ್ಬರು ವಾಸಿಗಳು ಇರಲೇಬೇಕೆಂದು ಸ್ಪರ್ಧೆಯವರ ಷರತ್ತು. ಇನ್ನೊಬ್ಬರ ವಿದ್ಯಾರ್ಹತೆ ಏನೆಂದು ಅವರು ಕೇಳಿರಲಿಲ್ಲ. ನನ್ನನ್ನು ಒಬ್ಬಳೇ ಕಳಿಸಲು ಮನೆಯವರೂ ಒಪ್ಪಿರಲಿಲ್ಲ. ಎರಡೂ ತೊಡಕಿಗೆ ಒಂದೇ ಪರಿಹಾರ ಕುರುಗೋಡಿನಲ್ಲಿತ್ತು: ಗೌರಮ್ಮ ದೊಡ್ಡವ್ವ. ಅವ್ವನಿಗೂ ಮಾಮನಿಗೂ ಅಕ್ಕ. ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋಗಿ ಬಂದವಳಾದ್ದರಿಂದ ನಮ್ಮ ವಂಶದ ವಿದೇಶಾಂಗ ಖಾತೆ ಅವಳದು.

"ಲೇ ಚೈತ್ರಿ, ಪರದೇಶಕ್ಕ ಹೋಗಾಕ ಎರಡ ಸಾಮಾನು ಬೇಕು," ಅಂದಳು. "ಪಾಸ್‌ಪೋರ್ಟು, ಅಕ್ಕಿಹಿಟ್ಟು."

ತಾಂಪೆರೆ, ಸ್ಟೇಷನ್

ನಮ್ಮನ್ನು ಕರೆದೊಯ್ಯಲು ಬಂದಿದ್ದವಳು ಐನೋ. ಸ್ಪರ್ಧೆ ನಡೆಸುವವಳೂ ಅವಳೇ, ತೀರ್ಪು ಕೊಡುವವಳೂ ಅವಳೇ. ಐವತ್ತು ದಾಟಿದ, ಎತ್ತರದ ಹೆಂಗಸು. ಮಾತು ದುಬಾರಿಯಾದ ದೇಶದಲ್ಲಿ ಹುಟ್ಟಿದವಳಂತೆ ಇದ್ದಳು. "ಬಂದಿರಿ," ಅಂದಳು. ಇಂಗ್ಲಿಷಿನಲ್ಲಿ ಬಂದ ಆ ಮಾತು ಪ್ರಶ್ನೆಯೋ ಸ್ವಾಗತವೋ ನಾನು ಯೋಚಿಸುತ್ತಿರುವಾಗಲೇ ದೊಡ್ಡವ್ವ ಮುಂದೆ ಬಂದು ಅವಳ ಕೈ ಹಿಡಿದು, "ಬಾಗುನ್ನಾರಾಮ್ಮಾ?" ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸಿದಳು.

"ದೊಡ್ಡವ್ವಾ, ಆಕಿಗೆ ತೆಲುಗು ಹೆಂಗ ಬರಬೇಕು?"

"ಕನ್ನಡ ಬರಂಗಿಲ್ಲ ಅಲ್ಲ? ಮತ್ತ ತೆಲುಗು ಮಾತಾಡಬೇಕಪ, ಇನ್ನೇನು ಮಾಡಾದು?"

ಬಳ್ಳಾರಿ ಸೀಮೆಯವರ ತರ್ಕ ಇದು. ಎದುರಿನವರು ನಮ್ಮವರಲ್ಲ ಎಂದು ಗೊತ್ತಾದ ಕೂಡಲೇ ನಾಲಿಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ಗಡಿ ದಾಟಿದರೆ ಅನಂತಪುರ, ಅದರಾಚೆ ಇನ್ನೇನಿದ್ದರೂ ಅದೇ ಭಾಷೆಯ ವಿಸ್ತರಣೆ. ವಿಚಿತ್ರವೆಂದರೆ ಐನೋ ತಲೆಯಾಡಿಸಿ ತನ್ನ ಭಾಷೆಯಲ್ಲೇ ಏನೋ ಉತ್ತರ ಕೊಟ್ಟಳು. ಇಬ್ಬರೂ ವಾರವಿಡೀ ಹಾಗೇ ಮಾತಾಡಿಕೊಂಡರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಒಮ್ಮೆಯೂ ಭಿನ್ನಾಭಿಪ್ರಾಯ ಬರಲಿಲ್ಲ. ಚರ್ಚಾಪಟುವಾದ ನನಗೆ ಇದು ಅವಮಾನವೇ.

ಬಸ್ ನಿಲ್ದಾಣದಲ್ಲಿ ಜನ ಒಬ್ಬರಿಂದೊಬ್ಬರು ಒಂದು ಎತ್ತಿನ ಗಾಡಿ ಹಾಯುವಷ್ಟು ದೂರ ನಿಂತಿದ್ದರು. ದೊಡ್ಡವ್ವ ಇದು ಸಾಲಲ್ಲವೆಂದು ತಿಳಿದು ಎಲ್ಲರ ಮುಂದೆ ಹೋಗಿ ನಿಂತಳು. ಯಾರೂ ಏನೂ ಅನ್ನಲಿಲ್ಲ. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಾದರೆ ಇಷ್ಟೊತ್ತಿಗೆ ಅವಳ ವಂಶಾವಳಿ ಹೊರಬಂದಿರುತ್ತಿತ್ತು. "ಮಸ್ಕತ್ತಿನಾಗ ಹಿಂಗಿಲ್ಲ," ಅಂದಳು, ಸ್ವಲ್ಪ ನಿರಾಶೆಯಿಂದಲೇ. ಅವಳಿಗೆ ಜಗಳ ಸಿಗದ ಊರು ಅಪೂರ್ಣ.

ಕೆರೆ ದಂಡೆಯ ಮನೆ

ಊರ ಹೊರಗೆ, ಕೆರೆಯ ದಂಡೆಯಲ್ಲಿ ಆರೇಳು ಕೆಂಪು ಮರದ ಮನೆಗಳು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ನೆತ್ತಿಯ ಮೇಲೆ ಒಂದು ಕಪಾಟು, ಅದಕ್ಕೆ ತಳವೇ ಇಲ್ಲ, ಬರೀ ಕಂಬಿ. ತೊಳೆದ ತಟ್ಟೆ ಅದರಲ್ಲಿಟ್ಟರೆ ನೀರು ತಾನೇ ತೊಟ್ಟಿಗೆ ಸೋರಿ ಹೋಗುತ್ತದೆ. ದೊಡ್ಡವ್ವ ಅದರ ಬಾಗಿಲನ್ನು ತೆಗೆದು ಹಾಕಿ ತೆಗೆದು ಹಾಕಿ ನೋಡಿ, "ಇದೊಂದು ಛಲೋ ಮಾಡ್ಯಾರ," ಎಂದು ದೇಶಕ್ಕೆ ಪಾಸು ಕೊಟ್ಟಳು.

ಮನೆಗೆ ಹೀಟರ್ ಎಂಬುದು ಕಣ್ಣಿಗೆ ಕಾಣುವುದಿಲ್ಲ. ನೆಲದ ಹಲಗೆಯ ಕೆಳಗೆ ಕೊಳವೆಗಳು, ಅವುಗಳಲ್ಲಿ ಬಿಸಿನೀರು ಹರಿಯುತ್ತದೆ. ಕಷ್ಟವೇನೆಂದರೆ ನೆಲ ನಿಧಾನಿ. ಈಗ ಬಿಸಿನೀರು ಬಿಟ್ಟರೆ ಕೋಣೆ ಬೆಚ್ಚಗಾಗುವುದು ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದ ಮೇಲೆ. ನಿಲ್ಲಿಸಿದರೂ ಅಷ್ಟೇ. ಹೀಗೆ ತಡವಾಗಿ ಕೇಳಿಸಿಕೊಳ್ಳುವವರ ಜತೆ ವ್ಯವಹರಿಸುವುದು ಕಷ್ಟ ಎಂದು ನನಗೆ ಗೊತ್ತಿತ್ತು. ಆದ್ದರಿಂದ ನನ್ನ ನಿಯಮವನ್ನು ಚುರುಕಾಗಿ ಬರೆದಿದ್ದೆ. ನೆಲದೊಳಗೊಂದು, ಗೋಡೆಯ ಮೇಲೊಂದು, ಶಾಖ ಅಳೆಯುವ ಎರಡು ಕಡ್ಡಿ. ಎರಡರಲ್ಲಿ ಯಾವುದು ಚಳಿ ಎಂದರೂ ತಕ್ಷಣ ಉತ್ತರ ಕೊಡಬೇಕು, ಜೋರಾಗಿ ಕೊಡಬೇಕು. ವೇದಿಕೆಯ ಮೇಲೆ ನಾನು ಕಲಿತದ್ದೂ ಅದನ್ನೇ. ಎದುರಾಳಿ ಒಂದು ಮಾತು ಎತ್ತಿದರೆ ಉಸಿರು ಎಳೆದುಕೊಳ್ಳಲು ಬಿಡಬಾರದು.

ಐನೋ ಷರತ್ತು ಹೇಳಿದಳು. ಕೋಣೆಯ ಶಾಖ ಏರದೆ ಇಳಿಯದೆ ನಿಂತಷ್ಟು ಹೊತ್ತಿಗೆ ಅಂಕ. ವಾರದ ನಡುವೆ ಒಂದೇ ಒಂದು ಸಲ ನಿಯಮ ತಿದ್ದಬಹುದು. ಯಾಕೆ ತಿದ್ದುತ್ತೇವೆಂದು ಅವಳೆದುರು ವಾದಿಸಬೇಕು. ನನಗೆ ನಗು ಬಂತು. ತಿದ್ದುವ ಪ್ರಮೇಯವೇ ಬರದು, ಬಂದರೆ ವಾದದಲ್ಲಿ ನನ್ನನ್ನು ಗೆಲ್ಲುವವರು ಯಾರು?

ದೊಡ್ಡವ್ವ ಅಷ್ಟರಲ್ಲಿ ಬರಿಗಾಲಿನಲ್ಲಿ ಕೋಣೆಯುದ್ದಕ್ಕೂ ನಡೆದು ನೋಡುತ್ತಿದ್ದಳು. ಕಿಟಕಿಯ ಪಕ್ಕ ಒಂದು ಕಡೆ ನಿಂತು ಪಾದ ಊರಿ, ಮತ್ತೊಮ್ಮೆ ಊರಿ, "ಲೇ, ನೆಲ ಸುಡಾಕತ್ತೈತಿ!" ಅಂದಳು.

"ಅದು ಹಂಗ ದೊಡ್ಡವ್ವ. ಇಪ್ಪತ್ನಾಕು ತಾಸೂ ಬೆಚ್ಚಗಿರ್ತೈತಿ."

"ಇಪ್ಪತ್ನಾಕು ತಾಸೂ? ಮ್ಯಾಲೆ ಏನೂ ಹಾಕದ? ಸುಮ್ನ?"

ಆ 'ಸುಮ್ನ' ಎಂಬ ಮಾತನ್ನು ನಾನು ಆಗಲೇ ಗಮನಿಸಬೇಕಿತ್ತು.

ಎರಡನೇ ದಿನ, ಮಧ್ಯಾಹ್ನ

ಸ್ಪರ್ಧೆಯವರು ಇಟ್ಟಿದ್ದ ಬೆಳಗಿನ ಉಪನ್ಯಾಸ ಕೇಳಿ ವಾಪಸಾಗಿ ಬಾಗಿಲು ತೆರೆದೆ. ಮುಖಕ್ಕೆ ಬಳ್ಳಾರಿ ಬಡಿಯಿತು.

ಅತಿಶಯೋಕ್ತಿಯಲ್ಲ. ಕೋಟೆಗುಡ್ಡದ ಬಂಡೆಗೆ ಬೇಸಿಗೆಯ ಮಧ್ಯಾಹ್ನ ಬೆನ್ನು ಕೊಟ್ಟು ನಿಂತವರಿಗೆ ಗೊತ್ತಿರುವ ಶಾಖ. ಹೊರಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ಒಳಗೆ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೃಪ್ತಿಯಿಂದ ಗೋಡೆಗೆ ಒರಗಿ ಕೂತಿದ್ದಳು. ಅವಳ ಮುಂದೆ, ಕಿಟಕಿಯ ಪಕ್ಕದ ನೆಲದ ಮೇಲೆ, ಸ್ಪರ್ಧೆಯವರು ಕೊಟ್ಟಿದ್ದ ಬಿಳಿ ಹಾಸಿಗೆ ಬಟ್ಟೆ ಒದ್ದೆ ಮಾಡಿ ಹರಡಿತ್ತು. ಅದರ ಮೇಲೆ ಸಾಲು ಸಾಲಾಗಿ, ಒಂದಕ್ಕೊಂದು ಮುಟ್ಟದಂತೆ, ಅಕ್ಕಿ ಸಂಡಿಗೆ.

"ದೊಡ್ಡವ್ವಾ! ಏನಿದು?"

"ಸಂಡಿಗಿ. ಕಣ್ಣು ಕಾಣಂಗಿಲ್ಲೇನು? ನಿನ್ನೆಯಿಂದ ಬಿಸಿ ನೆಲ ಸುಮ್ನ ಹಾಳಾಕ್ಕತ್ತಿತ್ತು, ನನ್ನ ಹೊಟ್ಟಿ ಉರೀತು. ನಮ್ಮ ಮಾಳಿಗಿ ಮ್ಯಾಲೆ ಇಂಥ ಬಿಸಿ ಬಿದ್ರ ಬಿಡ್ತೀವೇನು?"

ಆಗಿದ್ದೇನೆಂದು ಅರ್ಥವಾಗಲು ನನಗೆ ಒಂದು ನಿಮಿಷ ಸಾಕಾಯಿತು. ಕಾಲಿನಿಂದ ಹುಡುಕಿ ಹುಡುಕಿ ಅವಳು ಆರಿಸಿದ ಅತ್ಯಂತ ಬೆಚ್ಚನೆಯ ಜಾಗದ ಕೆಳಗೇ ನೆಲದ ಕಡ್ಡಿ ಇತ್ತು. ಒದ್ದೆ ಬಟ್ಟೆ ಆರುತ್ತ ಆ ಜಾಗವನ್ನು ತಣ್ಣಗೆ ಮಾಡಿತ್ತು. ಕಡ್ಡಿ ನನ್ನ ನಿಯಮಕ್ಕೆ "ಚಳಿ, ಚಳಿ" ಎಂದು ದೂರು ಕೊಟ್ಟಿತ್ತು. ನನ್ನ ನಿಯಮ, ನನ್ನಂತೆಯೇ, ತಕ್ಷಣ ಮತ್ತು ಜೋರಾಗಿ ಉತ್ತರಿಸಿತ್ತು. ಬಿಸಿನೀರು ನುಗ್ಗಿತ್ತು. ಸಂಡಿಗೆ ಇನ್ನೂ ಹಸಿಯಿದ್ದುದರಿಂದ ಕಡ್ಡಿ ಮತ್ತೆ "ಚಳಿ" ಎಂದಿತ್ತು.

ನಾನು ಓಡಿಹೋಗಿ ಕಿಟಕಿ ತೆರೆದೆ. ಇದು ನನ್ನ ಕೊಡುಗೆ. ಕೆರೆಯ ಗಾಳಿ ನೇರ ಗೋಡೆಯ ಕಡ್ಡಿಗೆ ಬಡಿದು, ಈಗ ಅದೂ "ಚಳಿ" ಎಂದಿತು. ಎರಡು ಸಾಕ್ಷಿ ಸಿಕ್ಕ ಮೇಲೆ ನಿಯಮಕ್ಕೆ ಅನುಮಾನವೇ ಉಳಿಯಲಿಲ್ಲ. ಸಂಜೆಯ ಹೊತ್ತಿಗೆ ನಮ್ಮ ಕಿಟಕಿಯ ಕೆಳಗೆ ಹುಲ್ಲಿನ ಮೇಲಿದ್ದ ಮಂಜು ಕರಗಿ, ಪಕ್ಕದ ಮನೆಯ ಜರ್ಮನ್ ಹುಡುಗರು ಬಂದು ನಿಂತು ಕೈ ಕಾಯಿಸಿಕೊಂಡರು.

ಆಮೇಲೆ ಕಿಟಕಿ ಮುಚ್ಚಿದೆ, ಸಂಡಿಗೆ ಒಣಗಿತು. ಈಗ ನೆಲದ ಕಡ್ಡಿ ಇದ್ದಕ್ಕಿದ್ದಂತೆ "ಬೆಂಕಿ" ಎಂದು ಕೂಗಿತು. ನಿಯಮ ನೀರು ನಿಲ್ಲಿಸಿತು. ರಾತ್ರಿ ಹಲ್ಲು ಕಟಕಟ. ಬೆಳಿಗ್ಗೆ ಎದ್ದವಳೇ ದೊಡ್ಡವ್ವ ನೆಲ ಮುಟ್ಟಿ ನೋಡಿ, ಬೆಚ್ಚಗಾಗುತ್ತಿದ್ದಂತೆ ಎರಡನೇ ಸುತ್ತು ಸಂಡಿಗೆ ಹಾಕಿದಳು.

"ಎಷ್ಟ ಹಿಟ್ಟು ತಂದೀದಿ ನೀನು?" ಎಂದು ಚೀರಿದೆ.

"ಹಿಟ್ಟಿಗೇನು ಬರ? ಹೋದ ಸುಗ್ಗ್ಯಾಗ ವೀರೇಶನ ಗಿರಣ್ಯಾಗ ನುಚ್ಚೋ ನುಚ್ಚು ಬಿತ್ತಲ್ಲ. ಮಾರಾಕ ಆಗಲಿಲ್ಲಂತ, ಚೀಲಗಟ್ಲೆ ನನಗ ಕಳಿಸಿದ. ಎಲ್ಲಾ ಬೀಸಿಸಿ ಇಟ್ಟೀನಿ."

ಅಂದರೆ ಸಿರುಗುಪ್ಪದಲ್ಲಿ ನನ್ನ ನಿಯಮ ಮಾಡಿದ ನುಚ್ಚು ಹಿಟ್ಟಾಗಿ, ಏಳು ಸಮುದ್ರ ದಾಟಿ, ಸಂಡಿಗೆಯಾಗಿ, ಇಲ್ಲಿ ನನ್ನ ನಿಯಮದ ನೆತ್ತಿಯ ಮೇಲೆ ಕೂತಿತ್ತು. ನಾನು ಕರ್ಮವನ್ನು ನಂಬುವವಳಲ್ಲ. ಆದರೆ ಅವತ್ತು ವಿರೋಧ ಪಕ್ಷದ ವಾದಕ್ಕೆ ಸ್ವಲ್ಪ ಬಲ ಬಂದಂತೆ ಕಂಡಿತು.

ಬಿಸಿ ಕೋಣೆ

ನೇರ ಐನೋ ಹತ್ತಿರ ಹೋದೆ. ಹೊರಗಿನವರ ಹಸ್ತಕ್ಷೇಪದಿಂದ ನನ್ನ ಪ್ರಯೋಗ ಕೆಟ್ಟಿದೆ, ಈವರೆಗಿನ ಅಂಕ ರದ್ದು ಮಾಡಬೇಕು, ನನ್ನ ಬಳಿ ವಾದವಿದೆ ಎಂದೆ. ಅವಳು ಕಿಟಕಿಯಾಚೆ ಬೆವರುತ್ತಿದ್ದ ನಮ್ಮ ಮನೆಯನ್ನು ನೋಡಿದಳು. "ವಾದ ನಾಳೆ. ಈವತ್ತು ಸೌನಾ," ಅಂದಳು.

ಸೌನಾ ಎಂದರೆ ಅಲ್ಲಿಯವರ ಬಿಸಿ ಕೋಣೆ. ಮರದ ಮೆಟ್ಟಿಲು ಮೆಟ್ಟಿಲಾಗಿ ಹಲಗೆ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕಾದ ಕಲ್ಲು. ಕಲ್ಲಿನ ಮೇಲೆ ಸೌಟಿನಲ್ಲಿ ನೀರು ಹಾಕಿದರೆ ಉಗಿ ಏಳುತ್ತದೆ. ಆ ಉಗಿಗಾಗಿಯೇ ಜನ ಕಾದು ಕೂರುತ್ತಾರೆ. ಹೆಂಗಸರ ಸೌನಾದಲ್ಲಿ ಎಲ್ಲರೂ ಹುಟ್ಟಿದ ಹಾಗೇ ಇದ್ದರು. ದೊಡ್ಡವ್ವ ನೈಟಿಯಲ್ಲಿ, ಮೇಲೊಂದು ಟವೆಲ್ ಹೊದ್ದು, ಮೇಲಿನ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಟವೆಲಿನೊಳಗೆ ಎಷ್ಟು ಸಾಧ್ಯವೋ ಅಷ್ಟು ಅಡಗಿದೆ. ತತ್ವದಲ್ಲಿ ನಾನು ಪ್ರಗತಿಪರಳು, ಆಚರಣೆಯಲ್ಲಿ ಸಿರುಗುಪ್ಪದವಳು.

"ಬಾಣಂತಿಗೆ ನೀರು ಹಾಕೋ ಬಚ್ಚಲಾ ಇದ್ದಂಗೈತಿ," ಅಂದಳು ದೊಡ್ಡವ್ವ, ಸುತ್ತ ನೋಡಿ. "ಕೂಸು ಒಂದ ಕಮ್ಮಿ."

ನೀರಿನ ಬಕೆಟ್ಟಿನ ಹತ್ತಿರ ಕೂತಿದ್ದ ಒಬ್ಬಾಕೆ ಸೌಟು ಎತ್ತಿದಳು. ಎತ್ತಿದವಳು ಹಾಕಲಿಲ್ಲ. ನಮ್ಮೆಲ್ಲರ ಕಡೆ ತಿರುಗಿ ಒಂದು ಮಾತು ಕೇಳಿದಳು. ಒಬ್ಬೊಬ್ಬರೂ ತಲೆಯಾಡಿಸಿದರು. ದೊಡ್ಡವ್ವನ ಮುಖವನ್ನೂ ಕಾದು ನೋಡಿದಳು, ದೊಡ್ಡವ್ವ "ಹಾಕವ್ವ ಹಾಕು" ಅಂದ ಮೇಲೆ ಹಾಕಿದಳು. ಚುಂಯ್ ಎಂದಿತು. ತಕ್ಷಣ ಏನೂ ಆಗಲಿಲ್ಲ. ಉಗಿ ಮೇಲೆ ಹೋಗಿ, ಸೂರು ಸವರಿ, ಮೆಲ್ಲಗೆ ಇಳಿದು, ಆಮೇಲೆ ಕಿವಿ ಕಚ್ಚಿತು. ಅಷ್ಟೂ ಹೊತ್ತು ಯಾರೂ ಎರಡನೇ ಸೌಟಿಗೆ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮತ್ತೆ ಸೌಟು ಎತ್ತಿ ಕೇಳಿದಾಗ, ಕೆಳಗಿನ ಹಲಗೆಯ ಒಬ್ಬಾಕೆ ಅಂಗೈ ತೋರಿಸಿದಳು. ತಡೆ ಅಂತ. ಸೌಟು ಮತ್ತೆ ಬಕೆಟ್ಟಿಗೆ ಇಳಿಯಿತು. ಯಾರೂ ಕಾರಣ ಕೇಳಲಿಲ್ಲ.

"ಕೇಳಿ ಹಾಕ್ತಾರಲೇ ಇವರು!" ಅಂದಳು ದೊಡ್ಡವ್ವ. "ನಿಮ್ಮವ್ವಗ ತೋರಸಬೇಕಿತ್ತು. ನನ್ನ ಬಾಣಂತನದಾಗ 'ಸಾಕವ್ವ, ಸುಡ್ತೈತಿ' ಅಂತ ನಾ ಒದರಾಕತ್ತಿದ್ರ ಆಕಿ ಕೊಡಪಾನದ ಮ್ಯಾಲೆ ಕೊಡಪಾನ ಸುರೀತಿದ್ಲು."

ಆ ದೃಶ್ಯದಲ್ಲಿ ನನಗೆ ಅವ್ವ ಕಾಣಲಿಲ್ಲ. ನನ್ನ ನಿಯಮ ಕಂಡಿತು. ಒಂದು ಕೊಡ ಸುರಿದು, ಅದರ ಬಿಸಿ ಮೈಗೆ ತಟ್ಟುವ ಮೊದಲೇ ಇನ್ನೊಂದು ಸುರಿಯುತ್ತ, ನಡುವೆ ಯಾರನ್ನೂ ಒಂದು ಮಾತು ಕೇಳದೆ.

ಕೊನೆಗೆ ಒಬ್ಬೊಬ್ಬರೇ ಎದ್ದು ಹೋಗಿ ತಣ್ಣನೆಯ ಕೆರೆಗೆ ಧುಮುಕಿದರು. ಐನೋ ಕೂಡ ಸೋತು ಎದ್ದಳು. ದೊಡ್ಡವ್ವ ಮಾತ್ರ ಮೇಲಿನ ಹಲಗೆಯ ಮೇಲೆ ಕದಲದೆ ಕೂತು ವಿಳಾಸ ಕೇಳುವವರಂತೆ ನನ್ನನ್ನು ಕೇಳಿದಳು: "ಯಾವಾಗ ಬಿಸಿ ಆಗ್ತೈತಿ ಇದು?"

ಐನೋ ಎದುರು

ಬೆಳಿಗ್ಗೆ ವಾದ. ಮೊದಲು ನಾನು ಸಿದ್ಧಪಡಿಸಿಕೊಂಡಿದ್ದ ಭಾಷಣವನ್ನೇ ಮಾಡಿದೆ. ಬರೆದಿಟ್ಟ ಭಾಷಣವನ್ನು ಬಿಡುವುದು ನನ್ನಂಥವರಿಗೆ ಕಷ್ಟ. ನೆಲ ಇರುವುದು ನಡೆಯಲು, ಸಂಡಿಗೆ ಹಾಕಲು ಅಲ್ಲ. ಯಾವ ನಿಯಮವೂ ಊಹಿಸಲಾರದ ವರ್ತನೆಗೆ ನಿಯಮ ಬರೆದವರು ಹೊಣೆಯಲ್ಲ. ನನ್ನ ದೊಡ್ಡವ್ವನನ್ನು ಲೆಕ್ಕದಿಂದ ಹೊರಗಿಡಬೇಕು. ದೊಡ್ಡವ್ವ ಪಕ್ಕದಲ್ಲೇ ಕೂತು, ಏಲಕ್ಕಿ ಹಾಕಿದ ಅಲ್ಲಿಯ ಬನ್ನನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತ, ನನ್ನ ಕೈ ಬೀಸುವಿಕೆಯನ್ನು ಮೆಚ್ಚಿ ನೋಡುತ್ತಿದ್ದಳು.

ಐನೋ ಪೂರ್ತಿ ಕೇಳಿದಳು. ಆಮೇಲೆ ಕಿಟಕಿಯಾಚೆ ಬೆರಳು ತೋರಿಸಿದಳು. "ಹಿಂದೆ ಒಂದು ಖಾಲಿ ಮನೆ ಇದೆ. ಸೌದೆ ಇಡುತ್ತೇವೆ. ಬೇಕಾದರೆ ಅದನ್ನು ಕೊಡುತ್ತೇನೆ. ಸೌದೆ ಯಾವತ್ತೂ ತೊಂದರೆ ಕೊಟ್ಟಿಲ್ಲ."

ಇಷ್ಟು ವರ್ಷದ ಚರ್ಚಾ ಜೀವನದಲ್ಲಿ ನನಗೆ ಸಿಕ್ಕ ಅತಿ ಚಿಕ್ಕ ಪ್ರತಿವಾದ ಅದು. ಚೀಟಿ ತಿರುಗಿಸಿ ಎದುರು ಪಕ್ಷಕ್ಕೆ ಹೋಗಿ ಕೂತೆ. "ಅಂಕ ರದ್ದು ಬೇಡ. ತಿದ್ದುಪಡಿ ಬೇಕು," ಎಂದೆ.

ತಿದ್ದುಪಡಿ ಸಣ್ಣದು. ನೆಲದ ಕಡ್ಡಿ ಒಂದು ಹೇಳಿ ಗೋಡೆಯ ಕಡ್ಡಿ ಇನ್ನೊಂದು ಹೇಳಿದರೆ, ಅಥವಾ ಕಂಡು ಕೇಳರಿಯದ ವೇಗದಲ್ಲಿ ಏನಾದರೂ ಬದಲಾದರೆ, ನಿಯಮ ಶಾಣ್ಯಾತನ ತೋರಿಸಬಾರದು. ಇದ್ದದ್ದನ್ನು ಇದ್ದಂತೆ ಹಿಡಿದುಕೊಂಡು ಗಂಟೆ ಬಾರಿಸಿ ಮನೆಯವರನ್ನು ಕೇಳಬೇಕು: ನೆಲದ ಮೇಲೆ ಏನಾದರೂ ಹಾಕಿದ್ದೀರಾ, ಕಿಟಕಿ ತೆಗೆದಿದ್ದೀರಾ? ಒಮ್ಮೆ ಉತ್ತರಿಸಿದ ಮೇಲೆ ಅದರ ಫಲ ಕಾಣುವವರೆಗೆ ಎರಡನೇ ಸಲ ಕೈ ಎತ್ತಬಾರದು. ಗೋಡೆಗೆ ಎರಡು ಗುಂಡಿ ಹಚ್ಚಿದೆ. ಒಂದರ ಮೇಲೆ 'ಹೌದು', ಇನ್ನೊಂದರ ಮೇಲೆ 'ಇಲ್ಲ'.

ದೊಡ್ಡವ್ವ ನೋಡಿದಳು. "ನಾನು ಹಿಟ್ಟು ತಿರುವಾಕತ್ತಿದ್ರ? ಕೈ 'ಹೌದು'ನೂ ಅಲ್ಲ, 'ಇಲ್ಲ'ನೂ ಅಲ್ಲ. ಹಿಟ್ಟು ಆಗಿರ್ತೈತಿ."

"ಮತ್ತ ಏನು ಬೇಕು ನಿನಗ?"

"'ತಡಿ' ಅಂತ ಒಂದು ಹಚ್ಚು. ಮೊಣಕೈಲೆ ಒತ್ತಂಗಿರಬೇಕು."

ಹಚ್ಚಿದೆ. ಉಳಿದ ದಿನಗಳಲ್ಲಿ ಗಂಟೆ ಹೊಡೆದಾಗಲೆಲ್ಲ ದೊಡ್ಡವ್ವ, ಬಾಗಿಲಿಗೆ ನೆಂಟರು ಬಂದಂತೆ, "ಬಂದೆ, ಬಂದೆ" ಎನ್ನುತ್ತ ಎದ್ದು ಹೋಗುತ್ತಿದ್ದಳು. ಹೆಚ್ಚು ಸವೆದದ್ದು 'ತಡಿ' ಗುಂಡಿ. ಮೂರನೇ ಸುತ್ತಿನ ಸಂಡಿಗೆ ನೆಲದ ಮೇಲೇ ಒಣಗಿತು. ಕೋಣೆ ಏರಲೂ ಇಲ್ಲ, ಇಳಿಯಲೂ ಇಲ್ಲ.

ಕೊನೆಯ ದಿನ

ಮೊದಲರ್ಧದ ಬೇಸಿಗೆ ಮತ್ತು ಚಳಿಗಾಲ ನಮ್ಮ ಅಂಕವನ್ನು ತಿಂದುಹಾಕಿದ್ದವು. ಕೊನೆಯಿಂದ ಎರಡನೆಯವರಾದೆವು. ಜರ್ಮನ್ ಹುಡುಗರು ಗೆದ್ದರು. ಅವರು ವಾರವಿಡೀ ಕಿಟಕಿಯ ಚಿಲಕ ಕೂಡ ಮುಟ್ಟದೆ ಬದುಕಿದ್ದರು. ಐನೋ ಮಾತ್ರ ಕರಿದ ಸಂಡಿಗೆ ಒಂದನ್ನು ತಿಂದು, "ಚೆನ್ನಾಗಿದೆ," ಅಂದಳು. ಅಲ್ಲಿಯ ಅಳತೆಯಲ್ಲಿ ಅದು ಅಭಿನಂದನಾ ಸಮಾರಂಭ.

ಮಾಮನಿಗೆ ವಿಡಿಯೋ ಕರೆ ಮಾಡಿದೆ. ಸಿರುಗುಪ್ಪದಲ್ಲಿ ಸಂಜೆ. ಹಳೆಯ ದಾಸ್ತಾನಿನ ಭತ್ತ ಒಣಗಿಸುತ್ತಿದ್ದರು, ಹಿಂದೆ ಗಿರಣಿಯ ಗದ್ದಲ. ಎಡಗೈಯಲ್ಲಿ ಫೋನು ಹಿಡಿದು ನಡೆಯುತ್ತಲೇ ಮಾತಾಡಿದರು.

"ಏನವ್ವ, ಗೆದ್ದೇನು?"

"ಇಲ್ಲ ಮಾಮ. ಆದರ ಅರ್ಧ ವಾರ ನೆಟ್ಟಗ ನಡೀತು."

"ಅರ್ಧ ನೆಟ್ಟಗಂದ್ರ ಅರ್ಧ ಸೊಟ್ಟಗ. ನಾ ಏನು ಹೇಳಿದ್ದೆ? ನೆಟ್ಟಗ ನಡದ್ರ. ಅರ್ಧ ಅಂತ ಹೇಳಿದ್ನೇನು?"

"ಪೂರ್ತಿ ಅಂತಾನೂ ಹೇಳಿಲ್ಲ ಮಾಮ."

"ನಿನ್ನ ಕೂಡ ಮಾತಿಗೆ ನಾ ಬರಂಗಿಲ್ಲ. ಪುಸ್ತಕ ಇಲ್ಲೇ ಟೇಬಲ್ ಮ್ಯಾಲೈತಿ, ಬ್ಯಾಂಕಿಂದು. ಡಬ್ಬಿ..."

ಹೇಳುತ್ತಲೇ ಅವರು ಒಲೆಯ ಮುಂದೆ ಹಾಯ್ದರು. ಪರದೆಯ ಮೂಲೆಯಲ್ಲಿ ಅವರ ಬಲಗೈ ಪಕ್ಕದ ರಾಶಿಯಿಂದ ಒಂದು ಬುಟ್ಟಿ ಹೊಟ್ಟು ಎತ್ತಿತು, ಒಲೆಯ ಬಾಯಿಗೆ ಸುರಿಯಿತು, ಬುಟ್ಟಿ ಇಟ್ಟಿತು. ಮಾತು ನಿಲ್ಲಲಿಲ್ಲ, ಅವರು ಕೆಳಗೆ ನೋಡಲೂ ಇಲ್ಲ. ಹಿಂದೆಯೇ ಬಂದ ಹಮಾಲಿಯೊಬ್ಬ, ಹೆಗಲ ಮೇಲೆ ಚೀಲವಿದ್ದರೂ ನಿಂತು, ಕಾಲಿನಿಂದ ಒಂದಿಷ್ಟು ಹೊಟ್ಟು ನೂಕಿ ಹೋದ.

ಹಿಂದಿನ ಸುಗ್ಗಿಯ ಡಬ್ಬಿ ನೆನಪಾಯಿತು. ಕಾರಣವೇ ಇಲ್ಲದೆ ಏರುವ ಶಾಖ!

ಹಿಂದಿನ ನಾನಾಗಿದ್ದರೆ ಅಲ್ಲೇ ವೇದಿಕೆ ಹತ್ತುತ್ತಿದ್ದೆ. ಮಾನ್ಯ ಅಧ್ಯಕ್ಷರೇ, ಅಪರಾಧಿ ಕೈಯಲ್ಲಿ ಬುಟ್ಟಿ ಹಿಡಿದೇ ಸಿಕ್ಕಿದ್ದಾನೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಸೌನಾದ ಆ ಹೆಂಗಸಿನಂತೆ ಸೌಟು ಎತ್ತಿ ಹಿಡಿದು ಕೇಳಿದೆ.

"ಮಾಮ, ಈಗ ಒಲಿಗೆ ಏನರ ಹಾಕಿದ್ರೇನ್ರಿ?"

"ಯಾವಾಗ? ಹೊಟ್ಟಾ? ಹೂಂ, ಹಾಕಿರಬೇಕು. ಯಾಕ?"

"ಯಾವಾಗಲೂ ಹಾಕ್ತೀರೇನು?"

"ಅದೇನು ಕೇಳಾದವ್ವ! ಬೆಂಕಿ ಮುಂದ ಹಾಯ್ದು ಹೋಗುವಾಗ ಬರಿಗೈಲೆ ಹೆಂಗ ಹೋಗಾದು? ನಮ್ಮಪ್ಪನ ಕಾಲದಿಂದ ಹಂಗ. ನಾನಷ್ಟ ಅಲ್ಲ, ಗಿರಣ್ಯಾಗ ಎಲ್ಲಾರೂ ಹಾಕ್ತಾರ. ಹಸದ ದನದ ಮುಂದ ಹೋದ್ರ ಒಂದು ಹಿಡಿ ಹುಲ್ಲು ಹಾಕಂಗಿಲ್ಲೇನು?"

"ಡಬ್ಬಿ ಹಚ್ಚಿದ್ದಾಗನೂ ಹಾಕಿದ್ರಿ?"

ಮಾಮ ನಿಂತರು. ಮೊದಲ ಬಾರಿಗೆ ಪರದೆ ಅಲುಗಾಡುವುದು ನಿಂತಿತು. ನಾನು ಕಾದೆ. ಅದು ಕಷ್ಟದ ಕೆಲಸ, ಯಾರೂ ಬಹುಮಾನ ಕೊಡುವುದಿಲ್ಲ.

ಕಾಯಲು ಬಾರದವಳು ದೊಡ್ಡವ್ವ. ಫೋನು ಕಸಿದುಕೊಂಡಳು. "ಲೇ ವೀರೇಶಾ! ನೀ ಹೊಟ್ಟು ಸುರದು ಸುರದು ನುಚ್ಚು ಮಾಡಿ, ಬೈದಿದ್ದು ಕೂಸಿಗೇನು? ಇಲ್ಲಿ ನಾ ಸಂಡಿಗಿ ಹಾಕಿ ಆಕಿ ಮಾನ ಕಳದೆ. ಅಲ್ಲಿ ನೀ. ಆಕಿ ನಿಯಮ ಏನು ಮಾಡಬೇಕು, ನಮ್ಮಂಥ ಮಂದಿ ಕೈಯಾಗ ಸಿಕ್ಕು?"

"ಅಕ್ಕಾ, ಹಂಗಲ್ಲ..."

"ಹೆಂಗಲ್ಲ?"

ಮಾಮ ಮತ್ತೆ ನಡೆಯತೊಡಗಿದರು. "ಆತು, ಡ್ರೈಯರ್ ತಗೋ. ಆದರ ಒಂದು ಮಾತು. ಹೊಟ್ಟು ಹಾಕೂದು ಮಾತ್ರ ನಾ ಬಿಡಂಗಿಲ್ಲ. ಕೈಗೆ ಬಂದುಬಿಟ್ಟೈತಿ."

"ಬಿಡಬ್ಯಾಡ್ರಿ ಮಾಮ," ಎಂದೆ. "ಹಾಕಿದಾಗ ಒಂದು ಮಾತು ಡಬ್ಬಿಗೆ ಹೇಳ್ರಿ ಸಾಕು."

ಮತ್ತೆ ಸಿರುಗುಪ್ಪ

ಈಗ ಒಲೆಯ ಪಕ್ಕದ ಕಂಬಕ್ಕೆ ಒಂದು ದೊಡ್ಡ ಗುಂಡಿ ಇದೆ. ಹೊಟ್ಟು ಹಾಕಿದವರು ಮೊಣಕೈಯಿಂದ ಅದನ್ನು ಒತ್ತಬೇಕು. ಒತ್ತಿದರೆ ಡಬ್ಬಿಗೆ ಸುದ್ದಿ ಹೋಗುತ್ತದೆ, ಅದು ತಾನು ನೂಕಬೇಕಿದ್ದ ಹೊಟ್ಟನ್ನು ಅಷ್ಟು ಕಡಿಮೆ ಮಾಡಿಕೊಂಡು, ಫಲ ಕಾಣುವವರೆಗೆ ಸುಮ್ಮನೆ ಕಾಯುತ್ತದೆ. ಒತ್ತಿದ್ದು ಒತ್ತಿದವರಿಗೂ ತಿಳಿಯಲೆಂದು ಬಳ್ಳಾರಿಯಿಂದ ಒಂದು ಕಾಲಿಂಗ್ ಬೆಲ್ ತಂದು ಜೋಡಿಸಿದೆ. ಅಂಗಡಿಯಲ್ಲಿ ಇದ್ದದ್ದು ಒಂದೇ ಬಗೆ, ಕೋಗಿಲೆಯಂತೆ ಕೂಗುವುದು. ಸುಗ್ಗಿಯ ಭತ್ತ ಬಂತು, ಡ್ರೈಯರ್ ತಿರುಗಿತು, ಶಾಖ ಅಳತೆಯ ಮೇಲೇ ನಿಂತಿತು. ಬ್ಯಾಂಕ್ ಪರೀಕ್ಷೆಯ ಪುಸ್ತಕದ ಮೇಲೆ ಮಾಮ ಈಗ ಚಹಾದ ಲೋಟ ಇಡುತ್ತಾರೆ. ಕುರುಗೋಡಿನಿಂದ ಮಾತ್ರ ದೂರು ಬಂದಿದೆ, ಈ ಸಲ ನುಚ್ಚು ಸಾಲುತ್ತಿಲ್ಲ, ಸಂಡಿಗೆಗೆ ಏನು ಮಾಡಬೇಕು ಅಂತ.

ಎಲ್ಲವೂ ಸರಿಯಾಯಿತು ಎಂದು ಇಲ್ಲಿಗೆ ಮುಗಿಸಿದರೆ ನಾನು ಸುಳ್ಳು ಹೇಳಿದಂತೆ. ಹೋದ ವಾರದಿಂದ ಡಬ್ಬಿ ಮತ್ತೆ ಗೊಂದಲದಲ್ಲಿದೆ. ಸುದ್ದಿ ಬರುತ್ತದೆ, ಕಾದು ಕೂರುತ್ತದೆ, ಶಾಖ ಮಾತ್ರ ಏರುವುದಿಲ್ಲ. ಚೀಲಗಳ ಹಿಂದೆ ಕೂತು ಕಾವಲು ಕಾದೆ. ಹೊಟ್ಟು ಹಾಕದೆ ಬರೀ ಕೋಗಿಲೆ ಕೂಗಿಸಿ ಹೋಗುವವರು ಗಿರಣಿಯಲ್ಲಿ ಹೆಚ್ಚಾಗಿದ್ದಾರೆ. ದೂರದಿಂದ ಒಬ್ಬರು ಬಂದರು, ಅತ್ತಿತ್ತ ನೋಡಿದರು, ಮೊಣಕೈಯಿಂದ ಗುಂಡಿ ಒತ್ತಿದರು, ಕೋಗಿಲೆಯ ಕೂಗಿಗೆ ತಲೆಯಾಡಿಸುತ್ತ ನಿಂತರು.

"ಮಾಮ," ಅಂದೆ ಚೀಲದ ಹಿಂದಿನಿಂದ, "ಹೊಟ್ಟು?"

ಮಾಮ ಬೆಚ್ಚಿಬಿದ್ದು, ಇನ್ನೂ ಕೂಗುತ್ತಿದ್ದ ಕೋಗಿಲೆಯ ಕಡೆ ಕಿವಿಯಿಟ್ಟೇ ಅಂಗೈ ಎತ್ತಿ ತೋರಿಸಿದರು. "ತಡಿ," ಅಂದರು.